ಹಿತ್ತಾಳೆ ತಪೇಲಿಯ ಹುಳಿ ಅಂಬಲಿ

ಹೋದ ಗುರುವಾರ ಮಂಠಾಳದಿಂದ ನಾದಿನಿ ಸುನಂದಾ ಬಂದಳು. ಚಹಾ ಕುಡಿಯುವ ಮೊದಲೇ ಅಡುಗೆಮನೆಯ ಗೋಡೆಯಲ್ಲಿ ಮೇಲಿರುವ ಮಾಡಿನ ಕಡೆ ಕಣ್ಣು ಹಾಯಿಸಿದಳು.

"ವೈನಿ, ಅವ್ವನ ತಪೇಲಿ ಒಯ್ಯಾಕ ಬಂದೀನಿ ನೋಡ್ರಿ. ಸೊಸಿಗಿ ಐದ್ ತಿಂಗಳ ತುಂಬ್ಯಾವ. ಹೊತ್ತಾರೆದ್ರ ಹುಳಿ ಅಂಬಲಿನೇ ಬೇಕು ಆಕಿಗಿ. ನಮ್ಮ ತಪೇಲಿ ಸಣ್ಣದು, ಸಾಲಂಗಿಲ್ಲ."

ಕೇಳಿದ್ದರಲ್ಲಿ ತಪ್ಪೇನಿದೆ? ಆ ಹಿತ್ತಾಳೆ ತಪೇಲಿಯ ಕಂಠದ ಮೇಲೆ ನನ್ನ ಅತ್ತೆಯ ಹೆಸರಿದೆ, ಚುಕ್ಕೆ ಚುಕ್ಕೆಯಾಗಿ ಕುಟ್ಟಿಸಿದ್ದು. ತಾಯಿಯ ಪಾತ್ರೆ ಮಗಳಿಗಲ್ಲದೆ ಇನ್ಯಾರಿಗೆ?

"ಅದು ಬ್ಯಾಡವಾ" ಅಂದೆ.

"ಯಾಕ್ರೀ? ಅಣ್ಣ ಹೋದ ಮ್ಯಾಲ ನಮ್ಮವ್ವನ ಸಾಮಾನೂ ನಿಮ್ಮ ಹೆಸರಿಗಿ ಆಯ್ತೇನು?" ನಗುತ್ತಲೇ ಕೇಳಿದಳು. ಪೂರ್ತಿ ನಗುವಲ್ಲ.

ನನ್ನ ಯಜಮಾನರು ಹುಮನಾಬಾದಿನ ಧಾನ್ಯದ ಬಜಾರಿನಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ದಿನಾ ಬಸವಕಲ್ಯಾಣದಿಂದ ಬಸ್ಸು. ಕೈಯಲ್ಲಿ ಒಂದು ಬಾಟಲಿ ಅಂಬಲಿ. ಅಕ್ಕಿ ನುಚ್ಚು ಬೇಯಿಸಿ ಆ ತಪೇಲಿಯಲ್ಲಿ ಎರಡು ರಾತ್ರಿ ಇಟ್ಟರೆ ಹುಳಿಯ ಜೊತೆ ಸ್ವಲ್ಪ ನಶೆಯೂ ಹತ್ತುತ್ತದೆ. "ನಮ್ಮನ್ಯಾಗ ಲೈಸೆನ್ಸ್ ಇಲ್ಲದ ಭಟ್ಟಿ ಅದ" ಎಂದು ಬಸ್ಸಿನಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದರು. ಬೇರೆ ಕುಡಿತ ಇರಲಿಲ್ಲ. (ನನಗೆ ಹುಳಿ ಆಗಿಬರುವುದಿಲ್ಲ. ನಾನು ಮುಟ್ಟುತ್ತಿರಲಿಲ್ಲ.)

ಎರಡು ವರ್ಷದ ಹಿಂದೆ ಅವರಿಗೆ ಹೊಟ್ಟೆನೋವು ಶುರುವಾಯಿತು.

ನನಗೆ ಗೊತ್ತಿದ್ದ ಕಾರಣ ಒಂದೇ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆ, ಹೊಟ್ಟೆ ಕೆಡುತ್ತದೆ. ಇದು ನಮ್ಮ ಕಡೆ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಓಣಿಗೆ ಬಂದ ಕಲಾಯಿಯವನನ್ನು ಕರೆದು ಒಳಗೆಲ್ಲ ಬೆಳ್ಳಗೆ ಮಾಡಿಸಿದೆ. ನೋವು ಹೋಗಲಿಲ್ಲ. ಮತ್ತೆ ಮಾಡಿಸಿದೆ. ಒಂದೇ ವರ್ಷದಲ್ಲಿ ಮೂರು ಸಲ. ಅಷ್ಟು ಜತನ.

ಆಮೇಲೆ ಮುಖ ಬಿಳಿಚಿತು. ಮುಂಗೈ ಎತ್ತಲು ಆಗದಾಯಿತು. ತೂಕದ ಕಲ್ಲು ಕೈಯಿಂದ ಜಾರತೊಡಗಿತು. ಕಲಬುರಗಿಯ ಡಾಕ್ಟರು ರಕ್ತ ನೋಡಿ, ಸೀಸ ಏರಿದೆ ಅಂದರು. ಪೇಂಟ್ ಕೆಲಸವೇ? ಬ್ಯಾಟರಿ ಕೆಲಸವೇ? ಎರಡೂ ಅಲ್ಲ.

"ಹುಮನಾಬಾದದಾಗ ದಿನಾ ಕೆಮಿಕಲ್ ಕಂಪನಿ ಹವಾ ಕುಡದ್ರ ಮತ್ತೇನ್ ಆಗ್ತದ್ರೀ?" ಎಂದರು ಓಣಿಯವರು. ನಾನೂ ಹೌದೆಂದೆ. ಡಾಕ್ಟರು ಮಾತ್ರ ಮನೆಯ ನೀರು, ಅಂಬಲಿ ಎರಡನ್ನೂ ತರಿಸಿ ಪರೀಕ್ಷೆಗೆ ಕಳಿಸಿದರು. ಅಷ್ಟರಲ್ಲಿ ಕಿಡ್ನಿ ಕೈಕೊಟ್ಟಿತ್ತು.

ಅವರು ತೀರಿಕೊಂಡ ಹದಿನೈದು ದಿನಕ್ಕೆ ವರದಿ ಬಂತು. ನೀರಲ್ಲಿ ಏನೂ ಇಲ್ಲ. ಸೀಸ ಇದ್ದದ್ದು ಅಂಬಲಿಯಲ್ಲಿ. ಕಲಾಯಿಗೆ ಹಾಕಬೇಕಾದ್ದು ತವರ. ತವರ ತುಟ್ಟಿ, ಸೀಸ ಅಗ್ಗ. ಎರಡನ್ನೂ ಕೂಡಿಸಿ ಹಚ್ಚಿದರೂ ಹೊಳಪು ಅದೇ. ನೋಡಿದರೆ ಗೊತ್ತಾಗುವುದಿಲ್ಲ. ಹುಳಿ ಅದನ್ನು ದಿನಾ ಸ್ವಲ್ಪ ಸ್ವಲ್ಪ ಬಿಡಿಸುತ್ತದೆ. ಮೊದಲ ನೋವು ಕಿಲುಬಿನದೇ ಇದ್ದೀತು, ಆಮೇಲಿನದು ಈ ಸೀಸದ್ದು. (ಕಲಾಯಿಯವನಿಗೂ ಗೊತ್ತಿರಲಿಕ್ಕಿಲ್ಲ. ಅಂಗಡಿಯಲ್ಲಿ ತವರ ಎಂದು ಕೊಟ್ಟದ್ದನ್ನು ಅವನು ತರುತ್ತಾನೆ.)

ಡಾಕ್ಟರು ಬೈಯಲಿಲ್ಲ. "ಹುಳಿ ಏನಿದ್ರೂ ಸ್ಟೀಲಿನಲ್ಲಿಡಿ ತಾಯಿ" ಅಂದರು, ಅಷ್ಟೇ.

ವರದಿಯನ್ನು ಸೀರೆಗಳ ಕೆಳಗಿಟ್ಟೆ. ಯಾರಿಗೂ ತೋರಿಸಲಿಲ್ಲ. ಮಾತನಾಡಿಸಲು ಬಂದವರೆಲ್ಲ ಕಂಪನಿಗಳನ್ನು ಬೈದು ಹೋದರು. ನಾನು ತಲೆಯಾಡಿಸಿದೆ. ಏನು ಹೇಳಬೇಕಿತ್ತು? ವಿಷ ಹುಮನಾಬಾದಿನದಲ್ಲ, ನಾನೇ ಬಾಟಲಿಗೆ ತುಂಬಿ ಕೊಟ್ಟದ್ದು ಎಂದೇ? ಹಾಗೆ ಹೇಳಿದ ಹೆಂಡತಿಯನ್ನು ಊರು ಎಷ್ಟು ದಿನ ಬಿಡುತ್ತದೆ?

ಆದರೆ ಗುರುವಾರ ಸುನಂದಾ ಸ್ಟೂಲ್ ಎಳೆದುಕೊಂಡು ಮಾಡಿಗೆ ಕೈ ಹಾಕಿದಳು. ವರದಿ ತೆಗೆದು ಕೊಟ್ಟೆ. ಎಲ್ಲ ಹೇಳಿದೆ. ಮೂರು ಸಲ ಕಲಾಯಿ ಮಾಡಿಸಿದ್ದನ್ನೂ.

ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಸ್ಟೂಲಿನ ಮೇಲೆ ಕೂತಳು.

"ಆ ಕಲಾಯಿಯವ... ಚಲೋ ಕೆಲಸ ಮಾಡ್ತಾನಂತ ನಮ್ಮ ಮನಿಗಿ ನೀವೇ ಕಳಿಸಿದ್ರೆಲ್ಲ, ವೈನಿ?"

"ಹೌದು."

"ಆ ಸಣ್ಣ ತಪೇಲಿದಾಗೇ ದಿನಾ ಮಾಡಾಕತ್ತೇವ್ರಿ."

ಮಗನಿಗೆ ಫೋನ್ ಹಚ್ಚಿದಳು. "ಆಕಿ ಕೈಯಾಗಿನ ಲೋಟ ಕಸ್ಕೋ. ಯಾಕಂತ ಆಮ್ಯಾಲ ಹೇಳ್ತೀನಿ. ಮೊದ್ಲ ಕಸ್ಕೋ!" ಎಂದು ಕೂಗಿದಳು. ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಆ ಕಲಾಯಿಯವನನ್ನು ಮಂಠಾಳಕ್ಕೆ ಕಳಿಸಿದ್ದು ನನಗೆ ಮರೆತಿರಲಿಲ್ಲ. ವರದಿ ಬಂದ ಮೇಲೆ ಅದನ್ನು ನೆನೆಯದಂತೆ ನೋಡಿಕೊಂಡೆ, ಅಷ್ಟೇ.

ಸೊಸೆಯ ರಕ್ತ ಪರೀಕ್ಷೆಗೆ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಮನೆಯಲ್ಲೂ ಕಲಾಯಿ ಪಾತ್ರೆಯಲ್ಲಿ ಹುಳಿ ಇಡುತ್ತಿದ್ದರೆ ಇವತ್ತೇ ನಿಲ್ಲಿಸಿ. ನಾನು ಇದನ್ನು ವರದಿ ಬಂದಾಗಲೇ, ಐದು ತಿಂಗಳ ಹಿಂದೆಯೇ ಬರೆಯಬಹುದಿತ್ತು.

ಆ ಐದು ತಿಂಗಳಲ್ಲಿ ಆ ಹುಡುಗಿ ಎಷ್ಟು ಲೋಟ ಕುಡಿದಿರಬಹುದು?