ಸೈರನ್ ಸೇರಿದ ಹಾಡು

ಅಜ್ಜಿ ನಾಟಿ ಮಾಡುವಾಗ ಹೇಳುತ್ತಿದ್ದ ಹಾಡಿನಲ್ಲಿ ಹೊಳೆ ದಾಟಿ ಹೋದ ಗಂಡ ಮರಳುವುದಿಲ್ಲ. ಅಪ್ಪ ನಮ್ಮನ್ನು ಬಿಟ್ಟುಹೋದ ವರ್ಷ ಅಮ್ಮ ಅದರಿಂದ ಹೊಳೆಯನ್ನು ತೆಗೆದು ಭದ್ರಾವತಿಯ ಕಾರ್ಖಾನೆಯ ಸೈರನ್ ಸೇರಿಸಿದಳು. ಅವಳ ಹಾಡಿನಲ್ಲಿ ಪಾಳಿ ಮುಗಿದ ಸೈರನ್ ಕೂಗಿದರೂ ಗಂಡ ಮನೆಗೆ ಬರುವುದಿಲ್ಲ.

ಆ ಹಾಡನ್ನು ನಾನು ವಿದ್ಯಾನಗರದ ಗೆಳತಿಗೆ ಕಲಿಸಿದೆ. ಕಳೆದ ವರ್ಷ ಶಿವಮೊಗ್ಗದ ವೇದಿಕೆಯೊಂದರಲ್ಲಿ ಅವಳು ಅದನ್ನು ಹಾಡಿ, ತಾನೇ ಬರೆದದ್ದು ಎಂದಳು. ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಗೆಳತಿಯನ್ನು ವಿಚಾರಿಸಿದೆ. "ಜನಪದ ಮಾರಾಯ್ತಿ, ಅದು ಯಾರದ್ದೂ ಅಲ್ಲ," ಎಂದು ನಕ್ಕಳು.

ಬಸ್ಸಿನಲ್ಲಿ ಅಮ್ಮ, "ನಾನೂ ನಮ್ಮಮ್ಮನ ಹಾಡನ್ನ ಬದಲಾಯಿಸ್ದೆ. ಆದ್ರೆ ಕೇಳಿದೋರಿಗೆಲ್ಲ ಅಮ್ಮಂದು ಅಂತಾನೇ ಹೇಳ್ತಿದ್ದೆ," ಎಂದಳು. ಇಳಿಯುವಾಗ, "ಅವಳಿಗೆ ಕಲ್ಸೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು.