ಬಾನೆಟ್ಟಿನೊಳಗಿನ ಸೇವಂತಿಗೆ

ಈ ಸಲ ಆಯುಧಪೂಜೆ ಕಳೆದ ಮೇಲೆ ನಮ್ಮ ಹಳೆಯ ಕಾರಿಗೆ ಒಂದು ಸಂಕೋಚ ಅಂಟಿಕೊಂಡಿತು. ಸ್ಟಾರ್ಟ್ ಆಗುತ್ತಿತ್ತು, ನಿಂತಲ್ಲಿ ಚೆನ್ನಾಗಿಯೇ ಗುನುಗುತ್ತಿತ್ತು. ರಸ್ತೆಗೆ ಬಂದು ಆಕ್ಸಿಲರೇಟರ್ ಒತ್ತಿದರೆ ಮಾತ್ರ ಒಂದು ಗಳಿಗೆ ಯೋಚಿಸಿ, ಒಲ್ಲದ ಮನಸ್ಸಿನಿಂದ ಮುಂದೆ ಹೋಗುತ್ತಿತ್ತು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್‌ಗೆ ನಿಲ್ಲಿಸಿದಾಗ ನಾನೂ ಹೀಗೇ. "ಸ್ಪೀಕ್ ಅಪ್, ಚೈಲ್ಡ್" ಎಂದು ಸಿಸ್ಟರ್ ಹೇಳುವವರೆಗೆ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಕಾರು ಓಡಿಸುವುದು ಈಗ ನಾನೇ. ನಮ್ಮವರಿಗೆ ಕಣ್ಣಿನ ನಡುವೆ ಮಸುಕು ಬಂದಿದೆ. ಅಂಚಿನಲ್ಲಿರುವುದು ಕಾಣುತ್ತದೆ, ಎದುರಿಗಿರುವುದು ಕಾಣುವುದಿಲ್ಲ. ಮದುವೆಯಾದ ಹೊಸದರಲ್ಲಿ ಕುಣಿಗಲ್ಲಿನ ಅತ್ತೆ ಮನೆಗೆ ಹೋದಾಗಲೆಲ್ಲ ಕೆರೆ ಪಕ್ಕದ ರಸ್ತೆಯಲ್ಲಿ ನನಗೆ ಡ್ರೈವಿಂಗ್ ಕಲಿಸಿದವರು ಅವರು. "ಹೊಲಿಗೆ ಮೆಷಿನ್ ತುಳೀತೀಯಲ್ಲ, ಹಾಗೆ ಒತ್ತು. ಒದೀಬೇಡ ಕಣೇ" ಎನ್ನುತ್ತಿದ್ದರು.

ಕಣ್ಣು ಮಸುಕಾದ ಮೇಲೆ ಅವರು ಒಂದೊಂದನ್ನೇ ಬಿಡುತ್ತಾ ಬಂದರು. ಒಂದು ಬೆಳಿಗ್ಗೆ ಡಿಕಾಕ್ಷನ್ ಲೋಟದ ಹೊರಗೆ ಬಿತ್ತು. ನಾನು ಒರೆಸಿದೆ. ಅಂದಿನಿಂದ ಕಾಫಿ ಬೆರೆಸುವುದು ನಿಂತಿತು. ಶೇವ್ ಮಾಡಿಕೊಳ್ಳುವಾಗ ಕೆನ್ನೆ ಕೊಯ್ದುಕೊಂಡರು. ಅದೂ ನಿಂತು ಗಡ್ಡ ಬಂತು. ಒಂದು ತಪ್ಪಾದರೆ ಸಾಕು, ಸದ್ದಿಲ್ಲದೆ ಆ ಕೆಲಸದಿಂದ ರಿಟೈರ್. ಕಾರಿನ ವಿಷಯದಲ್ಲಿ ಅವರಿಗೆ ಉಳಿದದ್ದು ಆಯುಧಪೂಜೆ ಒಂದೇ. ಬಾನೆಟ್ ಎತ್ತಿ, ಕೈಯಲ್ಲೇ ತಡವಿ, ಒಳಗೆಲ್ಲ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆಯ ಸರವನ್ನು ತುಂಡು ತುಂಡು ಮಾಡಿ ಸಿಕ್ಕಿಸುತ್ತಾರೆ. ಆಗ ನಾನು ಹತ್ತಿರ ಸುಳಿಯುವುದಿಲ್ಲ.

ಶನಿವಾರ ಗುಬ್ಬಿಯಲ್ಲಿರುವ ನನ್ನ ಅಕ್ಕನ ಮನೆಗೆ ಊಟಕ್ಕೆ ಹೊರಟಿದ್ದೆವು. ತುಮಕೂರು ದಾಟಿ, ಮಲ್ಲಸಂದ್ರದ ಹತ್ತಿರ ತೆಂಗಿನಕಾಯಿ ಲಾರಿಯೊಂದನ್ನು ಓವರ್‌ಟೇಕ್ ಮಾಡಲು ಹೋದೆ. ಒತ್ತಿದೆ. ಕಾರು ಏಳಲೇ ಇಲ್ಲ. ಎದುರಿನಿಂದ ಬಸ್ಸು ಹಾರ್ನ್ ಹೊಡೆಯುತ್ತಾ ಬಂತು. ಹೇಗೋ ಹಿಂದೆ ಸರಿದು ಲಾರಿಯ ಬೆನ್ನಿಗೇ ಬಂದೆ.

"ಸೀದಾ ಗ್ಯಾರೇಜಿಗೆ ಹೋಗು" ಅಂದರು ನಮ್ಮವರು.

ಗುಬ್ಬಿ ಸಿಗುವ ಮುಂಚೆಯೇ ನಮ್ಮ ಖಾಯಂ ಮೆಕ್ಯಾನಿಕ್ಕನ ಶೆಡ್. ಅವನೂ ಕುಣಿಗಲ್ ಕಡೆಯವನು, ಹಾಗಾಗಿ ನಮ್ಮವರಿಗೆ ಸಲಿಗೆ.

"ಪಿಕಪ್ ಇಲ್ವಾ ಅಮ್ಮಾ? ಥ್ರಾಟಲ್ ಬಾಡೀಲಿ ಕಾರ್ಬನ್ ಕಟ್ಟಿರ್ತದೆ, ಬುಡಿ, ಕ್ಲೀನ್ ಮಾಡಾಣ" ಅಂದ. ಸ್ಪ್ರೇ ಹೊಡೆದು ಒರೆಸಿದ. ಬಟ್ಟೆ ಕಪ್ಪಾಯಿತು. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ತಲೆ ಕೆರೆದುಕೊಂಡ. "ಹಂಗೇ ಅದೆ. ಪೆಟ್ರೋಲ್ ಪಂಪ್ ಬಿಚ್ಚಬೇಕೇನೋ."

ಸ್ಟೂಲಿನ ಮೇಲೆ ಕೂತಿದ್ದ ನಮ್ಮವರು ಎದ್ದರು. "ತಾಳಯ್ಯ. ಸ್ಟಾರ್ಟ್ ಮಾಡಿ ರೇಸ್ ಕೊಡು."

ಕೊಟ್ಟ. ಅವರು ಬಾನೆಟ್ಟಿನ ಮೇಲೆ ಬಾಗಿ, ಕಿವಿಯನ್ನು ಅತ್ತಿತ್ತ ತಿರುಗಿಸಿ ಕೇಳಿದರು. "ಪೆಟ್ರೋಲ್ ಅಲ್ಲ ಕಣೋ. ಗಾಳಿ ಎಳ್ಕೊಳ್ಳೋ ಸದ್ದು ಕೇಳು. ಮೂಗು ಕಟ್ಟಿದ ಮಗು ಹಾಲು ಕುಡಿದ ಹಾಗಿದೆ."

"ಹಬ್ಬಕ್ಕೆ ಮುಂಚೆ ಹೊಸ ಫಿಲ್ಟರ್ ಹಾಕಿವ್ನಿ ಸಾರ್!"

"ಹಾಕಿರ್ತೀಯ. ಆದ್ರೂ ಬಿಚ್ಚು."

ಅವನು ಏರ್ ಫಿಲ್ಟರಿನ ಡಬ್ಬಿ ತೆರೆದ. ಒಳಗೆ, ಹೊಸ ಫಿಲ್ಟರಿಗೆ ಮೆತ್ತಿಕೊಂಡು, ಒಣಗಿದ ಹಳದಿ ಸೇವಂತಿಗೆ. ಒಂದಿಷ್ಟು ಪುಡಿಯಾಗಿತ್ತು, ಒಂದಿಷ್ಟು ಇನ್ನೂ ದಾರದಲ್ಲೇ ಇತ್ತು. ಗಾಳಿ ಹೋಗುವ ಪೈಪಿನ ಬಾಯಿಗೇ ಅವರು ಹೂ ಸಿಕ್ಕಿಸಿದ್ದರು; ಎಂಜಿನ್ ಅದನ್ನು ಒಳಕ್ಕೆ ಎಳೆದುಕೊಂಡಿತ್ತು.

ಮೆಕ್ಯಾನಿಕ್ಕನಿಗೆ ನಗು ಬಂತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವನು ನಮ್ಮವರನ್ನು ನೋಡಿದ, ನನ್ನನ್ನು ನೋಡಿದ, ನಗು ನುಂಗಿದ. ಈ ತಪ್ಪು ಗೊತ್ತಾದರೆ ಪೂಜೆಯಿಂದಲೂ ರಿಟೈರ್ ಆಗಿಬಿಡುತ್ತಾರೆ ಎಂಬ ಭಯ ನನಗೆ. ಹೂವನ್ನೆಲ್ಲ ಬಾಚಿ ನನ್ನ ಹ್ಯಾಂಡ್‌ಬ್ಯಾಗಿಗೆ ತುಂಬಿಕೊಂಡೆ. ದೇವರಿಗೆ ಏರಿಸಿದ ಹೂ, ಗ್ರೀಸಿನ ನೆಲಕ್ಕೆ ಹೇಗೆ ಎಸೆಯಲಿ?

"ಏನಿತ್ತೋ?"

"ಎಲೆ ಸಾರ್. ಒಣಗಿದ್ ಎಲೆ."

"ನಮ್ಮನೆ ಮುಂದಿನ ಹೊಂಗೆದು ರೀ" ಎಂದು ನಾನೂ ಸೇರಿಸಿದೆ. ಕಾನ್ವೆಂಟ್ ಸಿಸ್ಟರ್ ಇದ್ದಿದ್ದರೆ ಇಂಥ ವೈಟ್ ಲೈಗೂ ಮೊಣಕಾಲೂರಿಸುತ್ತಿದ್ದರು.

ಮತ್ತೆ ರಸ್ತೆಗೆ ಬಂದು ಹೊಲಿಗೆ ಮೆಷಿನ್ ತುಳಿದಂತೆ ಒತ್ತಿದೆ. ಕಾರು ತಕ್ಷಣ ಓಗೊಟ್ಟಿತು.

"ನೋಡಿದ್ಯಾ? ಡಾಕ್ಟರ್ ಯಾರು?" ಎಷ್ಟೋ ತಿಂಗಳ ಮೇಲೆ ಅವರ ಧ್ವನಿಯಲ್ಲಿ ಆ ಹಳೆಯ ಜಂಬ ಕೇಳಿದೆ.

"ನೀವೇ, ಡೌಟೇ ಇಲ್ಲ" ಅಂದೆ.

ಡ್ರೈವ್ ಮಾಡುವಾಗ ಬ್ಯಾಗನ್ನು ಅವರ ತೊಡೆಯ ಮೇಲಿಡುವುದು ನನ್ನ ರೂಢಿ. ಅವತ್ತೂ ಯೋಚಿಸದೆ ಇಟ್ಟಿದ್ದೆ.

"ಹೊಂಗೆ ಎಲೆ ಯಾವತ್ತಿಂದ ಸೇವಂತಿಗೆ ವಾಸನೆ ಬರೋಕೆ ಶುರುವಾಯ್ತೇ?"

ನನ್ನ ಕಾಲು ಪೆಡಲಿನಿಂದ ತಾನಾಗಿ ಎದ್ದಿತು. ಅವರು ಜಿಪ್ ಎಳೆದು ಒಂದು ಹೂ ತೆಗೆದು ಬೆರಳಲ್ಲಿ ತಿರುಗಿಸಿದರು.

"ಆ ಪೈಪಿನ ಬಾಯನ್ನ ಬ್ಯಾಟರಿ ಪಕ್ಕದ ಕ್ಲಿಪ್ ಅಂದ್ಕೊಂಡೆ" ಅಂದರು. ಹೂವನ್ನು ಶರ್ಟಿನ ಜೇಬಿಗೆ ಹಾಕಿಕೊಂಡರು. "ಮುಂದಿನ ವರ್ಷ ನೀನು ನನ್ನ ಕೈ ಹಿಡಿದು ಸರಿಯಾದ ಜಾಗಕ್ಕೆ ಇಡು. ಹೂ ಏರಿಸೋದು ನಾನೇ, ತಿಳೀತಾ?"

"ತಿಳೀತು ರೀ."

"ಕಾಲು ಯಾಕೆ ತೆಗೆದೆ? ಒತ್ತು. ನಿಮ್ಮಕ್ಕ ಮುದ್ದೆ ಕಟ್ಟಿಟ್ಟು ಕಾಯ್ತಿರ್ತಾರೆ."