ನಮ್ಮ ಅಟ್ಟದ ಮೇಲೆ ನಡೆದ ಪರೀಕ್ಷೆ

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಸಮಯ. ನಮ್ಮ ಯಜಮಾನರು ತೀರಿಕೊಂಡು ಐವತ್ತು ದಿನಗಳಾಗಿದ್ದವು. ನಾನು ಇದ್ದತ್ತಿನಲ್ಲಿದ್ದೆ. ಗಂಡ ಹೋದ ಮೇಲೆ ನಮ್ಮಲ್ಲಿ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಹೊರಗಿನ ಗಂಡಸರ ಎದುರಿಗೆ ಬರಬಾರದು. ಕಡೂರಿನ ನಮ್ಮ ಚಿಕ್ಕ ಮನೆಯಲ್ಲಿ ನಾನು, ಅತ್ತೆ, ಎಂಟನೇ ತರಗತಿಯ ಮಗಳು ನಾಜಿಯಾ, ಮೂವರೇ ಉಳಿದಿದ್ದೆವು.

ಯಜಮಾನರದ್ದು ಕೊಬ್ಬರಿ ನೋಡುವ ಕೆಲಸ. ಸಿಂಗಟಗೆರೆ ಕಡೆಯ ತೆಂಗಿನವರು ಕಾಯಿಗಳನ್ನು ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಒಣಗಲು ಬಿಡುತ್ತಾರೆ. ಇವರು ಹೋಗಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಯಾವುದು ಕೊಬ್ಬರಿ ಆಗಿದೆ, ಯಾವುದು ಆಗಿಲ್ಲ ಎಂದು ಹೇಳುತ್ತಿದ್ದರು. ರಜೆಯ ದಿನ ನಾಜಿಯಾಳೂ ಜೊತೆಗೆ ಹೋಗುತ್ತಿದ್ದಳು. ಅಂಥದೇ ಒಂದು ಅಟ್ಟದಿಂದ ಇಳಿದು, ನೀರು ಕೇಳಿ ಜಗಲಿಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಆ ದಿನದಿಂದ ಮಗಳು ಮಾತು ಬಿಟ್ಟಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ.

ಅವಳು ಓದುತ್ತಿದ್ದುದು ತರೀಕೆರೆ ರಸ್ತೆಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ. ಪರೀಕ್ಷೆ ಬರೆದು ರಿಯಾಯಿತಿ ಸೀಟು ಪಡೆದಿದ್ದಳು. ಸೇರಿಸುವಾಗ ದಪ್ಪನೆಯ ಪುಸ್ತಕ ಕೊಟ್ಟಿದ್ದರು. ಪರೀಕ್ಷೆಯ ನಿಯಮ, ಭಾಷೆಯ ನಿಯಮ, ಫೋನು ಕಂಪ್ಯೂಟರಿನ ನಿಯಮ, ಎಲ್ಲ ಅದರಲ್ಲಿತ್ತು. ನಾನು ಓದದೆ ಸಹಿ ಹಾಕಿದ್ದೆ. ‘ಮನೆಯ ಭಾಷೆ’ ಎಂಬ ಕಡೆ ಏನು ಬರೆಯಬೇಕೋ ತಿಳಿಯಲಿಲ್ಲ. ನಾವಾಡುವುದು ದಖನಿ. ಕೊಟ್ಟಿದ್ದ ಪಟ್ಟಿಯಲ್ಲಿ ಅದಿರಲಿಲ್ಲ. ಉರ್ದು ಎಂದು ಗುರುತು ಹಾಕಿದೆ. ನಮ್ಮ ಮನೆಯಲ್ಲಿ ಒಬ್ಬರಿಗೂ ಉರ್ದು ಓದಲು ಬರೆಯಲು ಬಾರದು.

ಒಂದು ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ಮಾತಾಡಿದವರು ಕನ್ನಡ ಕಲಿಸುವ ಗಿರಿಜಾ ಮೇಡಂ, ಅಜ್ಜಂಪುರದ ಕಡೆಯವರು. ‘ನನಗೆ ಗೊತ್ತಿರುವ ಒಂದು ಕೆಲಸ’ ಎಂಬ ಬರವಣಿಗೆಯನ್ನು ಮಕ್ಕಳಿಗೆ ಕೊಟ್ಟಿದ್ದರಂತೆ. ಅದರ ಅಂಕ ವರ್ಷದ ಫಲಿತಾಂಶಕ್ಕೆ ಸೇರುತ್ತದೆ. ನಾಜಿಯಾ ಅಪ್ಪನ ಕೆಲಸದ ಬಗ್ಗೆ ನಾಲ್ಕು ಪುಟ ಕಳಿಸಿದ್ದಳು. ಶಾಲೆಯ ಕಂಪ್ಯೂಟರು ಅದನ್ನು ಮಗು ಬರೆದದ್ದಲ್ಲ, ಯಂತ್ರ ಬರೆದದ್ದು ಎಂದಿತ್ತು. ಒಂದೇ ಸಲಕ್ಕೆ ಅಷ್ಟೂ ಬಂದಿದೆ, ತಿದ್ದಿದ ಗುರುತಿಲ್ಲ. ಮೇಲಾಗಿ ದಾಖಲೆಯಲ್ಲಿ ಮನೆಯ ಭಾಷೆ ಕನ್ನಡವೇ ಅಲ್ಲ. ಮೋಸ ಎಂದು ತೀರ್ಮಾನವಾದರೆ ಸೊನ್ನೆ ಅಂಕ, ರಿಯಾಯಿತಿ ಸೀಟೂ ಹೋಗುತ್ತದೆ.

ನಾನು ಹಾಕಿದ ಗುರುತೇ ಮಗಳ ಕುತ್ತಿಗೆಗೆ ಬಂದಿತ್ತು. “ನಾನು ಹೊರಗೆ ಬರೋ ಹಾಗಿಲ್ಲ ಮೇಡಂ” ಎಂದೆ.

“ಗೊತ್ತು ಕಣ್ರೀ, ಅದಕ್ಕೇ ಫೋನ್ ಮಾಡಿದ್ದು. ಅನುಮಾನ ಬಂದ್ರೆ ಮೊದಲು ಮಗೂನ ಬಾಯಲ್ಲೇ ಕೇಳ್ಬೇಕು, ತಂದೆತಾಯಿ ಇರ್ಬೇಕು ಅಂತ ನಮ್ ಪಾಲಿಸಿಲಿ ಒಂದು ಸಾಲಿದೆ. ಎಲ್ಲಿ ಕೇಳ್ಬೇಕು ಅಂತ ಬರ್ದಿಲ್ಲ. ನಾವೇ ನಿಮ್ಮನೆಗೆ ಬತ್ತೀವಿ.”

ಶನಿವಾರ ಬೆಳಿಗ್ಗೆ ಬಂದರು. ಜೊತೆಗೆ ಪರೀಕ್ಷೆಗಳನ್ನು ನೋಡಿಕೊಳ್ಳುವ ಕೋಆರ್ಡಿನೇಟರ್ ಸರ್ ಇದ್ದರು. ನಾನು ಒಳಕೋಣೆಯಲ್ಲಿ, ಬಾಗಿಲ ಪರದೆಯ ಹಿಂದೆ ಕುಳಿತೆ. ಮುಖಗಳು ಕಾಣಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು.

“ಮಿಷಿನ್ನು ಬರೀತು ಅಂತೀರಲ್ಲ ಸಾರ್, ನಮ್ಮನೇಲಿ ಮಿಷಿನ್ನು ಅಂತ ಇರೋದು ಮಿಕ್ಸಿ ಒಂದೇ. ಅದೂ ಕೆಟ್ಟೋಗೈತೆ” ಎಂದರು ಅತ್ತೆ.

“ನಾನು ಬೇಕು ಅಂತ ಬಂದಿಲ್ಲಮ್ಮ, ರೂಲ್ಸ್ ಇದೆ” ಎಂದರು ಸರ್. ಆಮೇಲೆ ಮಗಳ ಕಡೆ ತಿರುಗಿರಬೇಕು. “ಇದನ್ನ ನೀನೇ ಬರೆದಿದ್ದಾ?”

ಮತ್ತೆ ಕೇಳಿದರು. ಮಾತಾಡು ಮಗಳೇ, ಒಂದೇ ಒಂದು ಮಾತಾಡು ಎಂದು ನಾನು ಪರದೆಯ ಅಂಚನ್ನು ಹಿಂಡುತ್ತಿದ್ದೆ.

ಗಿರಿಜಾ ಮೇಡಂ ಹೇಳಿದರು: “ಬರ್ದಿದ್ದು ಹಾಗಿರ್ಲಿ ಬಿಡು ನಾಜಿಯಾ. ನಿಮ್ ಅಟ್ಟದಲ್ಲೂ ಕಾಯಿ ಇದಾವೆ ಅಂತ ಇದ್ರಲ್ಲಿದೆಯಲ್ಲ, ಯಾವ್ದು ಆಗಿದೆ ಹೇಳು ನೋಡಣ.”

ಯಜಮಾನರು ಮನೆಯ ಅಟ್ಟದಲ್ಲೂ ಒಂದಿಷ್ಟು ಕಾಯಿ ಇಟ್ಟಿದ್ದರು. ಅವರು ಹೋದ ಮೇಲೆ ಅತ್ತ ನೋಡಲೂ ನನಗೆ ಆಗಿರಲಿಲ್ಲ. ಈಗ ಏಣಿಯ ಮೂರನೇ ಮೆಟ್ಟಿಲು ಕಿರ್ರೆಂದಿತು. ಅವರು ಹತ್ತುವಾಗ ಬರುತ್ತಿದ್ದ ಅದೇ ಸದ್ದು. ನಾಜಿಯಾಳ ಹಿಂದೆಯೇ ಸರ್ ಹತ್ತಿದರು.

ಮೇಲೆ ಕಾಯಿ ಅಲ್ಲಾಡಿಸಿದ ಸದ್ದು. “ಇದ್ರಲ್ಲಿ ಇನ್ನೂ ನೀರಿದೆ ಸಾರ್.” ಇನ್ನೊಂದು. “ಇದು ಆಯ್ತು, ಒಳಗೆ ಉಂಡೆ ಉಳ್ಳಾಡ್ತಿದೆ ಕೇಳಿ.” ಮತ್ತೊಂದು. ಏನೂ ಕೇಳಿಸಲಿಲ್ಲ. “ಇದು ಸುಮ್ನಿದೆ. ನೀರು ಹಿಂಗಿದೆ, ಆದ್ರೆ ಚಿಪ್ಪು ಬಿಟ್ಟಿಲ್ಲ. ಇದನ್ನ ಈಗ ಒಡೀಬಾರ್ದು, ಕಾಯ್ಬೇಕು.”

ಐವತ್ತು ದಿನದಲ್ಲಿ ಅವಳು ಇಷ್ಟು ಮಾತಾಡಿರಲಿಲ್ಲ.

ಸರ್ ಕಾಯಿಗಳನ್ನು ಕೆಳಗೆ ತಂದರು. ಅತ್ತೆ ಮಚ್ಚು ಕೊಟ್ಟರು. ಆಗಿದೆ ಎಂದದ್ದನ್ನು ಒಡೆದಾಗ ಉಂಡೆ ಕೊಬ್ಬರಿ ಇಡಿಯಾಗಿ ಹೊರಗೆ ಬಿತ್ತಂತೆ. ಸುಮ್ಮನಿದ್ದ ಕಾಯಿಯನ್ನೂ ನೋಡಿಯೇ ಬಿಡುತ್ತೇನೆ ಎಂದು ಸರ್ ಅದನ್ನೂ ಒಡೆದರು. ಚಿಪ್ಪಿಗೆ ಅಂಟಿದ ಹಸಿ ಕೊಬ್ಬರಿ ಚೂರು ಚೂರಾಯಿತಂತೆ.

“ಒಂದು ಹಾಳಾಯ್ತು. ಅಬ್ಬಾ ಇದ್ದಿದ್ರೆ ಬೈತಿದ್ರು” ಎಂದಳು ಮಗಳು.

“ಯಾರನ್ನ?”

“ನಿಮ್ಮನ್ನೇ ಸಾರ್.”

ಮೊದಲು ಗಿರಿಜಾ ಮೇಡಂ ನಕ್ಕರು, ಆಮೇಲೆ ಅತ್ತೆ, ಕೊನೆಗೆ ಸರ್ ಕೂಡ. ನಮ್ಮ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತು! ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ತಿದ್ದಿದ ಗುರುತು ಯಾಕಿಲ್ಲ ಎಂದು ಸರ್ ಕೇಳಿದಾಗ ಅವಳು ಹೇಳಿದಳು: “ನಾನು ಕೈಯಲ್ಲಿ ಬರೆದಿಲ್ಲ ಸಾರ್. ಅಮ್ಮಿ ನಮಾಜ್ ಮಾಡೋವಾಗ ಅಟ್ಟ ಹತ್ತಿ ಕೂತು ಅಬ್ಬನ ಫೋನಿಗೆ ಹೇಳಿದೆ. ಅದು ಬರ್ಕೊಳ್ತು.” ನನ್ನ ಮಗಳು ನಮ್ಮ ಹತ್ತಿರ ಆಡದ ಮಾತುಗಳನ್ನೆಲ್ಲ ಅಪ್ಪನ ಫೋನಿಗೆ ಹೇಳುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ.

“ಹೇಳಿ ಬರೆಸೋದು ತಪ್ಪಲ್ಲ ಪುಟ್ಟಾ. ಹಾಗೆ ಬರೆಸಿದೀನಿ ಅಂತ ಕೆಳಗೆ ಹಾಕ್ಬೇಕಿತ್ತು” ಎಂದರು ಮೇಡಂ. ಅದಕ್ಕೆ ಸ್ವಲ್ಪ ಅಂಕ ಕಡಿಮೆಯಾಯಿತು, ಉಳಿದದ್ದೆಲ್ಲ ಅವಳಿಗೇ ಬಂತು. ಸೀಟು ಉಳಿಯಿತು.

ಅವರು ಹೊರಡುವಾಗ ಪರದೆಯ ಹಿಂದಿನಿಂದಲೇ ಹೇಳಿದೆ: “ಸಾರ್, ಉರ್ದು ಅಂತ ಬರೆದದ್ದು ನನ್ನ ತಪ್ಪು. ನಾವಾಡೋದು ದಖನಿ. ಕೆಲಸದ ಮಾತೆಲ್ಲ ಅವಳು ಅಪ್ಪನ ಹತ್ತಿರ ಆಡಿದ್ದು ಕನ್ನಡದಲ್ಲೇ.”

“ಎರಡನ್ನೂ ಬರ್ಕೊಳ್ತೀನಮ್ಮ” ಎಂದರು.

ಇದ್ದತ್ತು ಮುಗಿದ ಮೇಲೆ ನಾನು ಮೊದಲು ಹೋದದ್ದು ಶಾಲೆಗೆ. ಒಂದು ಉಂಡೆ ಕೊಬ್ಬರಿ ಒಯ್ದಿದ್ದೆ. ಗಿರಿಜಾ ಮೇಡಂ ಅದನ್ನು ಕೈಯಲ್ಲಿ ಹಿಡಿದು, “ಕಾಣಿಕೆ ತಗೋಬಾರ್ದು ಅಂತಾನೂ ಪಾಲಿಸಿಲಿ ಇದೆ ಕಣ್ರೀ” ಎಂದು ನಕ್ಕು, ತರಗತಿಗೆ ಹೋಗಿ ಚೂರು ಮಾಡಿ ಮಕ್ಕಳಿಗೆಲ್ಲ ಹಂಚಿದರು.

ನಾನು ಓದದೆ ಸಹಿ ಹಾಕಿದ ಪುಸ್ತಕದ ಒಂದು ಸಾಲನ್ನು ನೆನಪಿಟ್ಟುಕೊಂಡು, ಅಷ್ಟು ದೂರ ಬಂದು, ನನ್ನ ಮಗಳ ಮಾತು ಕೇಳಿದವರು ಅವರು. ಪ್ರತಿ ನಮಾಜಿನಲ್ಲೂ ಅವರಿಗೊಂದು ದುವಾ ಇದ್ದೇ ಇರುತ್ತದೆ. ನಾಜಿಯಾ ಈಗ ಮಾತಾಡುತ್ತಾಳೆ. ಒಮ್ಮೊಮ್ಮೆ ದಿನವಿಡೀ ಸುಮ್ಮನಿರುವುದೂ ಉಂಟು. ಅಂಥ ದಿನ ನಾನು ಏನನ್ನೂ ಕೇಳಲು ಹೋಗುವುದಿಲ್ಲ. ಏಣಿಯ ಮೂರನೇ ಮೆಟ್ಟಿಲು ಕಿರ್ರೆನ್ನುವವರೆಗೂ ಕಾಯುತ್ತೇನೆ.